ಗ್ಯಾಸ್ ಬಂತು, ಸೌದೆ ಒಲೆ ಆರಲಿಲ್ಲ

ಉಜ್ವಲಾ ಯೋಜನೆಯಲ್ಲಿ ಗ್ಯಾಸ್ ಪಡೆದವರು ಎರಡನೇ, ಮೂರನೇ ಸಿಲಿಂಡರಿಗೆ ಯಾಕೆ ಬರುವುದಿಲ್ಲ ಎಂದು ಕೇಳಿ ನೋಡಿ. ‘ಜನಕ್ಕೆ ಅರಿವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತಿಪಟೂರು ಕಡೆಯ ಒಂದು ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಕೂತು ಬುಕಿಂಗ್ ಬರೆದುಕೊಳ್ಳುವವಳು ನಾನು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೊಗೆ ಕೆಟ್ಟದ್ದು ಅಂತ ದಿನಾ ಕಣ್ಣೊರೆಸಿಕೊಳ್ಳುವವಳಿಗೆ ಯಾರು ಹೇಳಿಕೊಡಬೇಕು?

ಯೋಜನೆ ಶುರುವಾದದ್ದು 2016ರ ಮೇ 1ರಂದು, ಉತ್ತರ ಪ್ರದೇಶದ ಬಲಿಯಾದಲ್ಲಿ. ಠೇವಣಿ, ರೆಗ್ಯುಲೇಟರು, ಪೈಪು ಇತ್ಯಾದಿಗೆ ಸರ್ಕಾರ 1,600 ರೂಪಾಯಿ ಕೊಟ್ಟಿತು. ಸ್ಟೌವು ಮತ್ತು ಮೊದಲ ಸಿಲಿಂಡರಿಗೆ ಕೈಯಲ್ಲಿ ದುಡ್ಡಿಲ್ಲದವರಿಗೆ ತೈಲ ಕಂಪನಿಗಳು ಸಾಲ ಕೊಟ್ಟವು. ಸಾಲ ತೀರುವವರೆಗೆ ಸಬ್ಸಿಡಿ ಅದಕ್ಕೇ ವಜಾ ಆಗುತ್ತಿತ್ತು. ಅಂದರೆ ಊರಿನ ಅತಿ ಬಡ ಹೆಂಗಸು ಮೊದಲ ಕೆಲವು ಸಿಲಿಂಡರುಗಳನ್ನು ಪೂರ್ತಿ ಬೆಲೆಗೇ ಕೊಳ್ಳಬೇಕಿತ್ತು! ಲೆಕ್ಕಪತ್ರದಲ್ಲಿ ಇದು ಸರಿಯೇ. ಆದರೆ 2018ರ ಕೊನೆಯ ಹೊತ್ತಿಗೆ ಉಜ್ವಲಾ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿವೆ ಎಂದು ಸಿಎಜಿ ವರದಿ ಹೇಳಿತು. ಸಬ್ಸಿಡಿಗೆ ಅವಕಾಶವಿದ್ದದ್ದು 12ಕ್ಕೆ. ಆ ವರ್ಷವೇ ಕಂಪನಿಗಳು ಮುಂದಿನ ಆರು ಸಿಲಿಂಡರಿನ ತನಕ ಸಾಲದ ವಸೂಲಿ ಬೇಡ ಎಂದು ನಿಯಮ ಸಡಿಲಿಸಿದ್ದವು.

ನಮ್ಮ ಕಡೆಯ ಅಡುಗೆಮನೆಯನ್ನೇ ನೋಡಿ. ಇದು ತೆಂಗಿನ ಸೀಮೆ. ಒಣಗಿದ ಗರಿ, ಮಟ್ಟೆ, ಚಿಪ್ಪು ತೋಟದಲ್ಲಿ ಬಿದ್ದಿರುತ್ತವೆ. ಸ್ವಂತ ತೋಟವಿಲ್ಲದವರೂ ಕೆಲಸಕ್ಕೆ ಹೋದಲ್ಲಿಂದ ಒಂದು ಹೊರೆ ಕಟ್ಟಿಕೊಂಡು ಬರುತ್ತಾರೆ. ಬಚ್ಚಲ ಹಂಡೆಗೆ ನೀರು ಕಾಯಿಸಲು ಗ್ಯಾಸ್ ಉರಿಸುವ ಯೋಚನೆ ಇಲ್ಲಿ ಯಾರಿಗೂ ಬರುವುದಿಲ್ಲ. ಇನ್ನು ರಾಗಿ ಹಿಟ್ಟು, ಅಂದರೆ ಮುದ್ದೆ. ಐದಾರು ಜನರ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಹಿಟ್ಟಿನ ಕೋಲಿನಿಂದ ಮೈಭಾರ ಹಾಕಿ ತೊಳಸಬೇಕು. ನೆಲದೊಲೆ ಅಲ್ಲಾಡುವುದಿಲ್ಲ. ಯೋಜನೆಯಲ್ಲಿ ಬಂದ ಸ್ಟೌವು ಹಗುರ. ಎರಡು ಸುತ್ತು ತೊಳಸಿದರೆ ಜಾರುತ್ತದೆ. ಪಾತ್ರೆ ಕೆಳಗಿಳಿಸಿಕೊಂಡು ತೊಳಸುವವರಿದ್ದಾರೆ. ಬಹಳ ಮಂದಿ ಮಾತ್ರ ಟೀಗೆ, ಮಗುವಿನ ಹಾಲಿಗೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ ಗ್ಯಾಸ್, ಹಿಟ್ಟಿಗೆ ಸೌದೆ ಎಂದು ಪಾಲು ಮಾಡಿಕೊಂಡಿದ್ದಾರೆ. ಸ್ಟೌವು ಆಯ್ಕೆ ಮಾಡಿದವರಲ್ಲಿ ಒಬ್ಬರಾದರೂ ಹಿಟ್ಟು ತೊಳಸಿದ್ದರೋ ಇಲ್ಲವೋ!

ಇದಕ್ಕಿಂತ ದೊಡ್ಡ ತೊಡಕು ಒಂದಿದೆ. ಸೌದೆ ಹೊರುವವಳು ಅವಳು, ಹೊಗೆ ಕುಡಿಯುವವಳು ಅವಳು; ಸಿಲಿಂಡರಿಗೆ ದುಡ್ಡು ಬಿಚ್ಚಬೇಕಾದವನು ಅವನು. ಅವನ ಲೆಕ್ಕದಲ್ಲಿ ಸೌದೆ ಪುಕ್ಕಟೆ. ಅವಳು ಸೌದೆಗೆ ಕಳೆಯುವ ಎರಡು ಗಂಟೆಗೆ ಯಾರೂ ಕೂಲಿ ಕಟ್ಟಿಲ್ಲವಲ್ಲ. 2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬೀಳತೊಡಗಿತು. ದುಡ್ಡು ಬಿದ್ದ ವಾರ ನಮ್ಮ ಕೌಂಟರಿನಲ್ಲಿ ಹೆಂಗಸರು ತಾವೇ ಬಂದು ಬುಕ್ ಮಾಡುವುದು ಹೆಚ್ಚಾಗಿದೆ ಎಂದು ನನಗನ್ನಿಸುತ್ತದೆ. ಅದು ಅಡುಗೆ ಅನಿಲದ ಯೋಜನೆಯೇ ಅಲ್ಲ.

ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೋ ಅದನ್ನು ನೋಡಿ ನೀತಿ ಮಾಡಿ ಎಂಬುದು ಹೊಸ ಮಾತಲ್ಲ. ಕೇಂದ್ರ ಸರ್ಕಾರದ 2018–19ರ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಅದಕ್ಕೂ ಮೊದಲು ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮಕ್ಕಳ ಲಸಿಕೆಯ ಬಗ್ಗೆ ಒಂದು ಪ್ರಯೋಗ ಮಾಡಿದ್ದರು. ಏನೂ ಮಾಡದ ಊರುಗಳಲ್ಲಿ ಎಲ್ಲ ಲಸಿಕೆ ಮುಗಿಸಿದ ಮಕ್ಕಳು ಶೇ. 6. ತಪ್ಪದೆ ಶಿಬಿರ ನಡೆಸಿದ ಊರುಗಳಲ್ಲಿ ಶೇ. 18. ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕೆ.ಜಿ. ಬೇಳೆ, ಎಲ್ಲ ಮುಗಿದ ಮೇಲೆ ಸ್ಟೀಲ್ ತಟ್ಟೆಗಳನ್ನು ಕೊಟ್ಟಲ್ಲಿ ಶೇ. 39. ತಾಯಂದಿರು ಲಸಿಕೆಯ ವಿರೋಧಿಗಳಾಗಿರಲಿಲ್ಲ. ಅವತ್ತಿನ ಕೂಲಿ ಬಿಟ್ಟು ಬರಲು ಅವತ್ತೇ ಕೈಗೆ ಸಿಗುವ ಒಂದು ಕಾರಣ ಬೇಕಿತ್ತು ಅಷ್ಟೆ. ಬೇಳೆ ಕೊಡುವುದು ಆಮಿಷವಲ್ಲವೇ ಎಂದು ಮೂಗು ಮುರಿಯುವವರು ಇದ್ದಾರೆ. ಇರಲಿ, ಮಗುವಿಗೆ ಲಸಿಕೆ ಬಿತ್ತಲ್ಲ.

ಮತ್ತೆ ಗ್ಯಾಸಿಗೆ ಬರೋಣ. 2023ರ ಮಧ್ಯದಲ್ಲಿ ಸಿಲಿಂಡರ್ 1,100 ರೂಪಾಯಿ ದಾಟಿತ್ತು. ಉಜ್ವಲಾದವರಿಗೆ 2022ರಿಂದ 200, ಮರುವರ್ಷದ ಅಕ್ಟೋಬರಿನಿಂದ 300 ರೂಪಾಯಿ ಸಬ್ಸಿಡಿ ಸಿಗುತ್ತಿದೆ. ಒಳ್ಳೆಯದೇ. ಆದರೆ ಅದು ಬರುವುದು ಪೂರ್ತಿ ದುಡ್ಡು ಕೊಟ್ಟ ಮೇಲೆ, ಬ್ಯಾಂಕಿಗೆ. ಗಾಡಿ ಬಾಗಿಲಿಗೆ ಬಂದಾಗ ಇಡೀ ಮೊತ್ತ ಒಟ್ಟಿಗೆ ಬೇಕು. ಇದೇ ಹೆಂಗಸರು ಸ್ವಸಹಾಯ ಸಂಘದ ವಾರದ ಕಂತನ್ನು ಮಳೆ ಬಂದರೂ ತಪ್ಪಿಸುವುದಿಲ್ಲ. ನೂರು, ಇನ್ನೂರು ಅವರ ಕೈಗೆ ಹೊಂದುವ ಮೊತ್ತ, ಸಾವಿರ ಅಲ್ಲ. ಐದು ಕೆ.ಜಿ.ಯ ಸಣ್ಣ ಸಿಲಿಂಡರ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಬೇಗ ಖಾಲಿಯಾಗುತ್ತದೆ, ಹಳ್ಳಿಗೆ ಗಾಡಿ ಬರುವುದು ಗೊತ್ತಾದ ದಿನ ಮಾತ್ರ.

‘ವಾರ ವಾರ ಇಷ್ಟಿಷ್ಟು ಅಂತ ನಿನ್ನತ್ರಾನೇ ಕಟ್ಕೊಂಡು ಬತ್ತೀನಿ, ತುಂಬಿದಾಗ ಸಿಲಿಂಡ್ರು ಕಳ್ಸಮ್ಮ’ ಎಂದು ಮೊನ್ನೆ ಒಬ್ಬ ಅಜ್ಜಿ ಕೇಳಿದರು. ‘ಆಗಲ್ಲ ಅಜ್ಜಿ, ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇಲ್ಲ’ ಅಂದೆ. ‘ಸಂಘದ ಹುಡುಗಿ ಪುಸ್ತಕದಾಗೆ ಬರ್ಕಂತಾಳೆ, ನಿಂಗೆ ಕಂಪ್ಯೂಟ್ರು ಬೇಕಾ?’ ಎಂದು ಅವರು ಹಿಂದಿದ್ದವರಿಗೆ ಜಾಗ ಬಿಟ್ಟರು.