ಗುರ್ರೆನ್ನುವಾಗಲೇ ಗಮನಿಸೋಣ: ನಾಯಿಯ ಸಿಟ್ಟು, ಮನುಷ್ಯನ ಸಿಟ್ಟು

ಉದ್ಯೋಗಕ್ಕಾಗಿ ಕರಾವಳಿ ಬಿಟ್ಟು ಬೆಂಗಳೂರಿನ ಹಲಸೂರು, ಇಂದಿರಾನಗರ, ಕೆ.ಆರ್. ಪುರ ಮುಂತಾದೆಡೆ ನೆಲೆಸಿದ ನಮ್ಮ ಕುಟುಂಬಗಳು ಅನೇಕ. ಊರಿನ ಮನೆಯಲ್ಲಿ ನಾಯಿಗೆ ತೋಟವಿತ್ತು, ಅಂಗಳವಿತ್ತು. ಇಲ್ಲಿ ಅದಕ್ಕೆ ಸಿಗುವುದು ಎರಡು ಕೋಣೆಗಳ ಫ್ಲ್ಯಾಟ್, ಇಲ್ಲವೇ ಗೇಟಿನ ಬಳಿ ಒಂದು ಸರಪಳಿ. ಮನುಷ್ಯರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಹಳೇ ಮದ್ರಾಸ್ ರಸ್ತೆಯ ವಾಹನದಟ್ಟಣೆಯಲ್ಲಿ ಎರಡು ಗಂಟೆ ಕಳೆದು ಮನೆ ಸೇರುವಷ್ಟರಲ್ಲಿ ತಾಳ್ಮೆ ತೀರಿರುತ್ತದೆ. ಹೀಗಿರುವಾಗ ‘ನಾಯಿ ಏಕೆ ಕಚ್ಚುತ್ತದೆ, ಮನುಷ್ಯ ಏಕೆ ಕೈ ಎತ್ತುತ್ತಾನೆ’ ಎಂಬ ಪ್ರಶ್ನೆಗಳನ್ನು ಜೊತೆಯಾಗಿಯೇ ಕೇಳುವುದು ಒಳ್ಳೆಯದು.

ನಾಯಿ ಏಕೆ ಕಚ್ಚುತ್ತದೆ?

ಬಹಳಷ್ಟು ಸಂದರ್ಭಗಳಲ್ಲಿ ಕಚ್ಚುವಿಕೆಯ ಹಿಂದೆ ಇರುವುದು ದುಷ್ಟತನವಲ್ಲ, ಭಯ. ಓಡಿಹೋಗಲು ದಾರಿಯಿಲ್ಲದಾಗ ನಾಯಿ ಹಲ್ಲು ತೋರಿಸುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ಓಡುವ ದಾರಿಯೇ ಇಲ್ಲ. ಎರಡನೆಯ ಕಾರಣ ನೋವು. ಕಿವಿಯ ಸೋಂಕು, ಹಲ್ಲುನೋವು, ಮುದಿ ವಯಸ್ಸಿನ ಸಂಧಿವಾತ ಇದ್ದರೆ ಸಾಧು ನಾಯಿಯೂ ಮುಟ್ಟಿದ ಕೈಗೆ ಬಾಯಿ ಹಾಕುತ್ತದೆ. ಆದುದರಿಂದ ಸ್ವಭಾವ ಏಕಾಏಕಿ ಬದಲಾದರೆ ಮೊದಲು ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಇವಲ್ಲದೆ ಆಹಾರ, ಮರಿಗಳು ಮತ್ತು ತನ್ನ ಜಾಗದ ರಕ್ಷಣೆಯೂ ಕಾರಣವಾಗಬಹುದು.

ಕಚ್ಚುವ ಮೊದಲು ನಾಯಿ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಮೈ ಬಿಗಿ ಮಾಡುತ್ತದೆ, ಕಣ್ಣಿನ ಬಿಳಿ ಭಾಗ ಕಾಣುವಂತೆ ಓರೆನೋಟ ಬೀರುತ್ತದೆ, ಕೊನೆಗೆ ಗುರ್ರೆನ್ನುತ್ತದೆ. ಹಲವರು ಗುರ್ರೆಂದ ನಾಯಿಗೆ ಹೊಡೆಯುತ್ತಾರೆ. ಇದರಿಂದ ನಾಯಿಯ ಭಯ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಮಾತ್ರ ಹೋಗುತ್ತದೆ. ಮುಂದೆ ಅದು ಸದ್ದಿಲ್ಲದೆ ಕಚ್ಚುತ್ತದೆ.

‘ಯಜಮಾನ ಯಾರೆಂದು ತೋರಿಸಬೇಕು’ ಎಂಬ ಮಾತಿಗೂ ಭದ್ರ ಆಧಾರವಿಲ್ಲ. ಅದು ಕೂಡಿಹಾಕಿದ ತೋಳಗಳ ಮೇಲೆ 1940ರ ದಶಕದಲ್ಲಿ ನಡೆದ ಅಧ್ಯಯನದಿಂದ ಹರಡಿದ ಕಲ್ಪನೆ. ಕಾಡಿನ ತೋಳಗಳ ಗುಂಪು ಹೆಚ್ಚಾಗಿ ತಂದೆ, ತಾಯಿ, ಮಕ್ಕಳ ಕುಟುಂಬವೇ ಎಂದು ಅಮೆರಿಕದ ತಜ್ಞ ಡೇವಿಡ್ ಮೆಕ್ 1999ರಲ್ಲಿ ತಿಳಿಸಿದರು. ನಿಯಮಿತ ನಡಿಗೆ, ಹೊತ್ತಿಗೆ ಸರಿಯಾಗಿ ಊಟ, ಒಳ್ಳೆಯ ವರ್ತನೆಗೆ ಬಹುಮಾನ, ದೀಪಾವಳಿ ಪಟಾಕಿಯ ವೇಳೆ ಅಡಗಲು ಒಂದು ಮೂಲೆ: ನಾಯಿಗೆ ಬೇಕಾದದ್ದು ಇವು.

ಬೀದಿನಾಯಿಗಳ ವಿಚಾರ

2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಬಲಿಯಾದರು. ಜನರ ಆಕ್ರೋಶ ಸಹಜವಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ನಾಯಿಗಳನ್ನು ಹಿಡಿಯಲಾಯಿತು, ಕೊಲ್ಲಲೂ ಆಯಿತು. ಆದರೆ ತೆರೆದ ಮಾಂಸ ತ್ಯಾಜ್ಯ, ಕಸದ ರಾಶಿ ಇರುವಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಬೇಕು. ಬೆಂಗಳೂರಿನಲ್ಲಿ 2019ರ ಗಣತಿಯಂತೆ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದರೆ, 2023ರಲ್ಲಿ ಆ ಸಂಖ್ಯೆ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಶಿವಾಜಿನಗರದ ಮಾರುಕಟ್ಟೆಯಾಗಲಿ, ನಮ್ಮ ಚರ್ಚ್ ಆವರಣದ ಮದುವೆ ಊಟವಾಗಲಿ, ಉಳಿದ ಮಾಂಸವನ್ನು ಬೀದಿಗೆ ಎಸೆಯದಿರುವುದು ನಾವೇ ಮಾಡಬಹುದಾದ ಕೆಲಸ.

ನಾಯಿ ಕಚ್ಚಿದರೆ ತಕ್ಷಣ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ಗಾಯ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯ ಎಲ್ಲಾ ಸುತ್ತುಗಳನ್ನು ಪೂರೈಸಿ. ರಕ್ತ ಬರುವ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿಯನ್ನು ಉಳಿಸುವುದು ಅಸಾಧ್ಯವೆಂಬಷ್ಟು ಕಷ್ಟ. ಸಾಕುನಾಯಿಯ ಬಗ್ಗೆ ನಿರ್ಲಕ್ಷ್ಯ ವಹಿಸಿ ಇತರರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು ಎಂಬುದೂ ನೆನಪಿರಲಿ.

ಮನುಷ್ಯನ ಸಿಟ್ಟು

ಮನುಷ್ಯನಲ್ಲೂ ಭಯ, ನೋವು, ಅವಮಾನಗಳು ಸಿಟ್ಟಿನ ವೇಷ ತೊಡುತ್ತವೆ. ಕಿಟಕಿಯಾಚೆ ಬೇರೆ ಬೆಕ್ಕನ್ನು ಕಂಡು ಕೆರಳಿದ ಬೆಕ್ಕು ಪಕ್ಕದಲ್ಲಿರುವ ಯಜಮಾನನ ಕೈ ಪರಚುವುದುಂಟು. ಕಚೇರಿಯ ಅವಮಾನವನ್ನು ಮನೆಯ ಮಕ್ಕಳ ಮೇಲೆ ತೀರಿಸಿಕೊಳ್ಳುವವರೂ ಇದನ್ನೇ ಮಾಡುತ್ತಾರೆ. ವಯಸ್ಸಾದವರು ದಿಢೀರನೆ ರೇಗಾಡತೊಡಗಿದರೆ ಸೋಂಕು, ರಕ್ತದಲ್ಲಿ ಸಕ್ಕರೆ ಇಳಿದಿರುವುದು ಅಥವಾ ಮರೆವಿನ ಕಾಯಿಲೆ ಕಾರಣವಿರಬಹುದು. ‘ಮುದುಕರ ಹಠ’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಸಿಟ್ಟನ್ನು ಹೊರಹಾಕಿದರೆ ಮನಸ್ಸು ಹಗುರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2002ರಲ್ಲಿ ಬ್ರಾಡ್ ಬುಶ್‌ಮನ್ ಎಂಬ ಮನೋವಿಜ್ಞಾನಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವನನ್ನು ನೆನೆಯುತ್ತಾ ಮರಳುಚೀಲಕ್ಕೆ ಗುದ್ದಿದವರ ಸಿಟ್ಟು ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತು. ಸ್ಥಳ ಬಿಟ್ಟು ಹೊರಗೆ ಹೋಗುವುದು, ನಿಧಾನವಾಗಿ ಉಸಿರಾಡುವುದು, ಮಾತನ್ನು ಮರುದಿನಕ್ಕೆ ಮುಂದೂಡುವುದು ಹೆಚ್ಚು ಫಲಕಾರಿ.

ಹೋಲಿಕೆ ಎಲ್ಲಿ ನಿಲ್ಲುತ್ತದೆ?

ಧರ್ಮಕೇಂದ್ರದ ಸೇವಕರು, ವಾಳೆಯ ಗುರಿಕಾರರು ಇಲ್ಲಿ ವಿಶೇಷ ಗಮನ ಕೊಡಬೇಕು. ನಾಯಿಗೆ ತನ್ನ ಕೃತ್ಯದ ಅರ್ಥ ತಿಳಿಯದು. ಮನುಷ್ಯನಿಗೆ ತಿಳಿಯುತ್ತದೆ. ‘ಸಿಟ್ಟು ಬಂದಾಗ ನನಗೆ ಹಿಡಿತವಿರುವುದಿಲ್ಲ’ ಎನ್ನುವ ವ್ಯಕ್ತಿ ಮೇಲಧಿಕಾರಿಗೆ ಹೊಡೆದಿದ್ದಾನೆಯೇ? ಪೊಲೀಸರಿಗೆ? ಬಾಗಿಲು ಮುಚ್ಚಿದ ಮೇಲೆ ಹೆಂಡತಿಗೆ ಮಾತ್ರ ಹೊಡೆಯುವವನಿಗೆ ಹಿಡಿತವಿದೆ. ಅದನ್ನು ಎಲ್ಲಿ ಸಡಿಲಿಸಬೇಕೆಂದೂ ಅವನಿಗೆ ಗೊತ್ತಿದೆ. ಕುಡಿತ ಅಪಾಯವನ್ನು ಹೆಚ್ಚಿಸುತ್ತದೆ, ಆದರೆ ಅದು ಕ್ಷಮಾಪಣೆಯ ಪತ್ರವಲ್ಲ.

ಆದುದರಿಂದ ಏಟು ತಿಂದ ಮಹಿಳೆಗೆ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳುವುದು ಗುರ್ರೆನ್ನುವ ಸದ್ದನ್ನು ಅಡಗಿಸಿದಂತೆ. ಗಂಡಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಮೊದಲು ಆಕೆಯೊಡನೆ ಪ್ರತ್ಯೇಕವಾಗಿ ಮಾತನಾಡಿ, ಮನೆ ಸುರಕ್ಷಿತವೇ ಎಂದು ಕೇಳಿ. ಅವನ ಎದುರಿನಲ್ಲಿ ಆಕೆ ನಿಜ ಹೇಳಿದರೆ ಅದರ ಬೆಲೆಯನ್ನು ಅಂದು ರಾತ್ರಿ ತೆರಬೇಕಾದೀತು. ಮನೆಯ ಪ್ರಾಣಿಯನ್ನು ಹಿಂಸಿಸುವ ಸುದ್ದಿ ಕೇಳಿದರೆ ಅದನ್ನೂ ಲಘುವಾಗಿ ಪರಿಗಣಿಸಬೇಡಿ. ಪ್ರಾಣಿಹಿಂಸೆ ಮತ್ತು ಮನೆಯವರ ಮೇಲಿನ ಹಿಂಸೆ ಒಂದೇ ಸೂರಿನಡಿ ಇರುವುದು ಹಲವೆಡೆ ಕಂಡುಬಂದಿದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಹೊಡೆತವನ್ನಷ್ಟೇ ಅಲ್ಲ, ಬೈಗುಳ, ಬೆದರಿಕೆ, ಹಣ ಕಸಿಯುವುದನ್ನೂ ಹಿಂಸೆ ಎನ್ನುತ್ತದೆ. ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯದ ಸಲಹೆಗೆ ಟೆಲಿಮಾನಸ್ 14416. ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸಿಟ್ಟನ್ನು ತಿದ್ದಿಕೊಳ್ಳಬೇಕೆಂದು ಬಯಸುವವರೂ ಈ ಸಂಖ್ಯೆಗೆ ಕರೆ ಮಾಡಬಹುದು. ಹಾಗೆ ಕರೆ ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಈ ಮೂರು ಸಂಖ್ಯೆಗಳನ್ನು ಪ್ರತಿ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ, ಹೆಣ್ಣುಮಕ್ಕಳ ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಿದರೆ ಉತ್ತಮ.