ನಿಮಗಿದು ಗೊತ್ತೆ? ಉಲ್ಟಾ ತಿರುಗಿದರೂ ಗಾಳಿ ಊದುವ ಫ್ಯಾನ್

ಪುಣೆಯ ಪೂರ್ವಕ್ಕಿರುವ ಖರಾಡಿ ಈಗ ಇಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್‌ಗಳ ಊರು. ಇಂಥ ದೊಡ್ಡ ಕಟ್ಟಡಗಳಲ್ಲಿ ಅಡುಗೆಮನೆಯ ಒಗ್ಗರಣೆ ಘಾಟನ್ನು ಹೊರಗೆ ದಬ್ಬಲು ಸಾಮಾನ್ಯವಾಗಿ ಬಳಸುವುದು ಸೆಂಟ್ರಿಫ್ಯೂಗಲ್ ಫ್ಯಾನ್. ಬಸವನಹುಳುವಿನ ಚಿಪ್ಪಿನಂಥ ಕವಚದೊಳಗೆ ತಿರುಗುವ ಚಕ್ರ ನಡುವಿನಿಂದ ಗಾಳಿ ಎಳೆದು ಅಂಚಿಗೆ ಎಸೆಯುತ್ತದೆ.

ಇಂಥ ಫ್ಯಾನಿಗೆ ಮೋಟಾರನ್ನು ನೇರವಾಗಿ ಜೋಡಿಸದೆ ಹಲವೆಡೆ ನಡುವೆ ಬೆಲ್ಟ್ ಹಾಕುವುದೇಕೆ? ಜಿಡ್ಡು, ಬಿಸಿ ಹೊಗೆಯ ದಾರಿಯಿಂದ ಮೋಟಾರನ್ನು ಹೊರಗಿಡಬಹುದು, ಅದೊಂದು. ಮುಖ್ಯವಾದದ್ದು ವೇಗ. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿಗೆ 150 ಮಿ.ಮೀ. ಪುಲ್ಲಿ, ಫ್ಯಾನಿಗೆ 300 ಮಿ.ಮೀ. ಪುಲ್ಲಿ ಹಾಕಿದರೆ ಫ್ಯಾನ್ ಸುಮಾರು 720 ಸುತ್ತು ತಿರುಗುತ್ತದೆ. ಗಾಳಿ ಸಾಲದೆ? ಪುಲ್ಲಿ ಬದಲಿಸಿದರಾಯಿತು.

ಆದರೆ ಇಲ್ಲೇ ಜೇಬಿಗೆ ಕತ್ತರಿ. ವೇಗ ಶೇ. 10ರಷ್ಟು ಹೆಚ್ಚಿದರೆ ಗಾಳಿಯೂ ಶೇ. 10ರಷ್ಟೇ ಹೆಚ್ಚುತ್ತದೆ, ಬೇಕಾಗುವ ವಿದ್ಯುತ್ ಮಾತ್ರ ಶೇ. 33ರಷ್ಟು! ಇದನ್ನು ಲೆಕ್ಕಿಸದೆ ಪುಲ್ಲಿ ಬದಲಿಸಿದವರ ಮೋಟಾರು ಸುಡುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನೊಂದು ತಮಾಷೆ: ತ್ರೀ ಫೇಸ್ ಮೋಟಾರಿನ ಎರಡು ವೈರು ಅದಲುಬದಲಾದರೆ ಚಕ್ರ ಉಲ್ಟಾ ತಿರುಗುತ್ತದೆ. ಆಗಲೂ ಗಾಳಿ ಬರುವುದು ಅದೇ ಬಾಯಿಂದ, ಆದರೆ ತೀರಾ ಕಡಿಮೆ. ಹಾಗಾಗಿ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೆಯೂ ಇರಬಹುದು. ರಿಪೇರಿ ಆದಮೇಲೆ ಕವಚದ ಮೇಲಿನ ಬಾಣದ ಗುರುತನ್ನು ಒಮ್ಮೆ ನೋಡಿಕೊಳ್ಳಿ. ಜೋಡಿ ಬೆಲ್ಟಿನಲ್ಲಿ ಒಂದು ಹರಿದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.