ಗೇಟಿನ ತುಕ್ಕಿಗೂ ಅದೇ, ಮೈಯ ಎಲುಬಿಗೂ ಅದೇ

ಮಂಗಳೂರಿನ ಬಿಜೈಯ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಲ್ಲಿ ಕೋಲಾ ಕೊಂಡು ಬಾಟಲಿಯನ್ನೊಮ್ಮೆ ತಿರುಗಿಸಿ ನೋಡಿ. ಲೇಬಲ್ಲಿನ ಸಣ್ಣ ಅಕ್ಷರಗಳ ನಡುವೆ 338 ಎಂಬ ಸಂಖ್ಯೆ ಸಿಗುತ್ತದೆ. ಅದೇ ಫಾಸ್ಫಾರಿಕ್ ಆಮ್ಲ. ಕಡಲ ಗಾಳಿಗೆ ತುಕ್ಕು ಹಿಡಿದ ಗೇಟಿಗೆ ಪೈಂಟ್ ಹೊಡೆಯುವ ಮೊದಲು ಬಳಿಯುವ ದ್ರಾವಣದಲ್ಲೂ ಹೆಚ್ಚಾಗಿ ಇರುವುದು ಅದೇ. ಭಯಕ್ಕೆ ಇನ್ನೇನು ಬೇಕು!

ತಪ್ಪು ಕಲ್ಪನೆ: ತುಕ್ಕು ತಿನ್ನುವ ಆಸಿಡ್ ಹೊಟ್ಟೆಯನ್ನೂ ತಿನ್ನುತ್ತದೆ.

ಸತ್ಯ: ವಸ್ತು ಒಂದೇ, ಅಳತೆ ಬೇರೆ. ಕೋಲಾದಲ್ಲಿ ಈ ಆಮ್ಲ ಶೇ. 0.1ಕ್ಕಿಂತಲೂ ಕಡಿಮೆ. ಕೋಲಾದ ಪಿಹೆಚ್ ಸುಮಾರು 2.5, ನಿಂಬೆರಸದ್ದೂ ಹೆಚ್ಚುಕಡಿಮೆ ಅಷ್ಟೇ. ಜಠರದಲ್ಲಿ ತಾನಾಗಿ ಒಸರುವ ಹೈಡ್ರೋಕ್ಲೋರಿಕ್ ಆಮ್ಲ ಇವೆರಡಕ್ಕಿಂತ ಪ್ರಬಲ.

ತಪ್ಪು ಕಲ್ಪನೆ: ಕೋಲಾದಲ್ಲಿ ಹಾಕಿಟ್ಟ ಹಲ್ಲು ಬೆಳಗಾಗುವಾಗ ಮಾಯ.

ಸತ್ಯ: ಮಾಯವಾಗದು; ಮೇಲ್ಪದರ ಸವೆದು ಬಣ್ಣ ಕೆಡಬಹುದು. ಆದರೆ ಹಲ್ಲಿನ ಚಿಂತೆ ಸುಳ್ಳಲ್ಲ. ಪಿಹೆಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ಬಾಯಿಯ ಜೊಲ್ಲು ಆಮ್ಲವನ್ನು ತೊಳೆಯಲು ಹೊತ್ತು ಬೇಕು. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಹೀರಿದರೆ ಆ ಬಿಡುವೇ ಸಿಗದು.

ತಪ್ಪು ಕಲ್ಪನೆ: ಇದು ಕಾರ್ಖಾನೆಯ ಸರಕು, ದೇಹಕ್ಕೆ ಸಂಬಂಧವಿಲ್ಲ.

ಸತ್ಯ: ರಕ್ತದ ಪಿಹೆಚ್ ಸುಮಾರು 7.4. ಅಲ್ಲಿ ಈ ಆಮ್ಲ ಒಂದೋ ಎರಡೋ ಹೈಡ್ರೋಜನ್ ಬಿಟ್ಟುಕೊಟ್ಟು ಫಾಸ್ಫೇಟ್ ಆಗಿ ಸಾಧುವಾಗುತ್ತದೆ. ಡಿಎನ್‌ಎ ಏಣಿಯ ಎರಡೂ ಬದಿಗಳಲ್ಲಿ ಸಕ್ಕರೆಯ ತುಣುಕುಗಳನ್ನು ಜೋಡಿಸುವುದು ಫಾಸ್ಫೇಟ್. ಜೀವಕೋಶದ ಕೈಖರ್ಚಿನಂತಿರುವ ಎಟಿಪಿಯಲ್ಲಿ ಮೂರು ಫಾಸ್ಫೇಟ್‌ಗಳಿವೆ. ಮೈಯಲ್ಲಿರುವ ರಂಜಕದ (ಫಾಸ್ಫರಸ್) ಶೇ. 85ರಷ್ಟು ಎಲುಬು, ಹಲ್ಲುಗಳಲ್ಲಿದೆ. ನಮಗೆ ಬೇಕಾದಷ್ಟು ರಂಜಕ ಬಂಗುಡೆ, ಹಾಲು, ಬೇಳೆಕಾಳುಗಳಲ್ಲೇ ಸಿಗುವುದರಿಂದ ಅದಕ್ಕಾಗಿ ಕೋಲಾ ಬೇಡ. ಕಿಡ್ನಿ ಕೆಟ್ಟವರಲ್ಲಿ ಹೆಚ್ಚಿನ ಫಾಸ್ಫೇಟ್ ರಕ್ತದಲ್ಲೇ ಉಳಿಯುತ್ತದೆ. ಅವರು ವೈದ್ಯರು ಹೇಳಿದ ಮಿತಿ ಮೀರಬಾರದು.

ತಪ್ಪು ಕಲ್ಪನೆ: ಡಿಎಪಿ ಗೊಬ್ಬರ ಸುರಿದಷ್ಟೂ ಫಸಲು.

ಸತ್ಯ: ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಹಡಗಿನಲ್ಲಿ ಬರುವ ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯಾ ಕೂಡಿಸಿ ಡಿಎಪಿ ಮಾಡುತ್ತದೆ. ಆದರೆ ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಇನ್ನೊಂದು ಚೀಲ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಹೆಚ್ಚಿದ್ದರೆ ಸುಣ್ಣ ಬೇಕಾದೀತು.

ಗೇಟಿನ ತುಕ್ಕು ಕಪ್ಪು ಪದರವಾಗಿ ಗಟ್ಟಿಯಾಗುವುದೂ ಕಬ್ಬಿಣ ಫಾಸ್ಫೇಟನ್ನು ಹೀಗೆ ಹಿಡಿಯುವುದರಿಂದಲೇ. ಗೇಟಿನಲ್ಲಿ ಅದು ಲಾಭ, ತೋಟದಲ್ಲಿ ನಷ್ಟ.